ತೂತಿನ ರಟ್ಟು ಮತ್ತು ನನ್ನ ಸರಿ ಉತ್ತರಗಳು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ಸರಿಯಾದ ಉತ್ತರ ಬರೆದ ತಪ್ಪಿಗೆ ನಾನು ನಿಮ್ಮ ಇಲಾಖಾ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ. ಮೂರನೆಯದೇ ಕೊನೆಯ ಅವಕಾಶ, ಅದು ಮುಂದಿನ ತಿಂಗಳು. ಅದೂ ಕೈತಪ್ಪಿದರೆ, ಹನ್ನೊಂದು ವರ್ಷದಿಂದ ಆಸ್ಪತ್ರೆಯ ಆಪರೇಷನ್ ಕತ್ತರಿ, ಚಿಮಟಗಳನ್ನು ತೊಳೆದು, ಆವಿಯಲ್ಲಿಟ್ಟು, ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿರುವ ನನ್ನನ್ನು ಆ ಕೋಣೆಯಿಂದ ತೆಗೆದು ವರಾಂಡ ಗುಡಿಸಲು ಹಾಕುತ್ತಾರೆ.

ಇಂಗ್ಲಿಷ್ ನನಗೆ ಕಬ್ಬಿಣದ ಕಡಲೆಯಾಗಿತ್ತು. ನಿಮ್ಮ ಪತ್ರಿಕೆಯಲ್ಲಂತೂ ಗೆರೆ ಎಳೆದ ಪದ ನಾಮಪದವೋ ಕ್ರಿಯಾಪದವೋ ಎಂದು ಟಿಕ್ ಹಾಕಬೇಕು. ಹೈಸ್ಕೂಲು ಓದುವ ಮಗಳು ಅಡುಗೆಮನೆಯಲ್ಲಿ ಕೂತು ಕಲಿಸಿದಳು. “ಅಮ್ಮಾ, ಪದ ನೋಡಿದ ತಕ್ಷಣ ಟಿಕ್ ಹಾಕ್ಬೇಡ. ಈ ವಾಕ್ಯದಲ್ಲಿ ಅದು ಏನ್ ಕೆಲ್ಸ ಮಾಡ್ತಿದೆ ನೋಡು” ಅಂದಳು. ಲೋಟದಲ್ಲಿರುವ ‘ವಾಟರ್’ ನಾಮಪದ. ಗಿಡಕ್ಕೆ ನೀರು ಹಾಕು ಅನ್ನುವಾಗ ಅದೇ ‘ವಾಟರ್’ ಕ್ರಿಯಾಪದವಂತೆ. ಎಂಥ ನ್ಯಾಯವಂತ ಭಾಷೆ ಅನ್ನಿಸಿತು! ಇಂದು ಮಾಡಿದ ಕೆಲಸಕ್ಕೆ ಇಂದೇ ಹೆಸರು. ನನ್ನ ನೇಮಕಾತಿ ಪತ್ರದಲ್ಲಿ ಇಂದಿಗೂ ‘ಸಹಾಯಕಿ’ ಎಂದಿದೆ. ಯಾರಿಗೆ ಸಹಾಯಕಿ, ಮಾನ್ಯರೇ? ಆ ಕೋಣೆಯಲ್ಲಿ ಇರುವುದು ನಾನೊಬ್ಬಳೇ.

ಎರಡನೇ ಸಲ ಫೇಲಾದಾಗ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ನನ್ನ ಉತ್ತರಪತ್ರಿಕೆಯ ಮೇಲೆ ಸಾಲಾಗಿ ತೂತು ಕೊರೆದ ಹಳೇ ರಟ್ಟೊಂದನ್ನು ಇಟ್ಟರು.

“ನೋಡಿ ಅಕ್ಕ, ತೂತಲ್ಲಿ ನಿಮ್ಮ ಟಿಕ್ ಕಂಡ್ರೆ ಒಂದು ಮಾರ್ಕು, ಕಾಣದಿದ್ರೆ ಸೊನ್ನೆ.”

“ಅಣ್ಣ, ಈ ವಾಕ್ಯ ಓದಿದ್ರಾ?”

“ವಾಕ್ಯ ವರ್ಷ ವರ್ಷ ಬದಲಾಯಿಸ್ತೀವಿ, ಕಾಪಿ ಹೊಡೀಬಾರ್ದಲ್ಲ. ಪದ ಅದೇ ತಾನೆ? ರಟ್ಟು ಯಾಕೆ ಬದಲಾಯಿಸ್ಬೇಕು?”

ಹೀಗೆ, ಎಂದೋ ಯಾರೋ ಕುಡಿದ ನೀರಿಗೆ ಕೊರೆದ ತೂತಿನಲ್ಲಿ ನನ್ನ ಗಿಡದ ನೀರನ್ನು ಅಳೆಯುತ್ತಿದ್ದೀರಿ. ಆಕ್ಷೇಪಣೆ ಬರೆದುಕೊಡಲು ಹೋದರೆ, ತೇರ್ಗಡೆಯಾದವರು ಮಾತ್ರ ಆಕ್ಷೇಪಿಸಬಹುದಂತೆ. ತೇರ್ಗಡೆಯಾದವರಿಗೆ ಆಕ್ಷೇಪಿಸಲು ತಲೆ ಕೆಟ್ಟಿದೆಯೇ? ಗುಮಾಸ್ತರು ಕೆಟ್ಟವರಲ್ಲ. ದನಿ ತಗ್ಗಿಸಿ, “ಸುಮ್ನೆ ತೂತಿರೋ ಕಡೆ ಟಿಕ್ ಹಾಕ್ಬಿಡಿ ಅಕ್ಕ, ಪಾಸಾಗ್ತೀರಿ” ಅಂದರು.

ಹಾಕಬಹುದಿತ್ತು. ಆದರೆ ಮನೆಯಲ್ಲಿ ಮಗಳು “ನಾನೇ ತಪ್ಪು ಹೇಳ್ಕೊಟ್ಟೆ” ಎಂದು ಅತ್ತಿದ್ದಾಳೆ. ಈಗ ತರಗತಿಯಲ್ಲಿ ಕೈಯೆತ್ತುವುದಿಲ್ಲವಂತೆ. ಅವಳ ಟೀಚರು ನನ್ನನ್ನು ಕರೆಸಿ ಹೇಳಿದರು. ರಟ್ಟಿನ ಕಥೆ ಹೇಳಿದರೆ ಮಗಳು ನಂಬುವುದಿಲ್ಲ. “ಅಷ್ಟು ದೊಡ್ಡ ಆಫೀಸು ತಪ್ಪು ಮಾಡುತ್ತಾ ಅಮ್ಮ?” ಅನ್ನುತ್ತಾಳೆ. ತಪ್ಪು ಬರೆದು ನಾನು ಪಾಸಾದರೆ, ತಾನು ಕಲಿಸಿದ್ದೇ ತಪ್ಪು ಎಂದು ಅವಳಿಗೆ ಖಾತ್ರಿಯಾಗುತ್ತದೆ. ಸರಿ ಬರೆದರೆ ನನ್ನ ಕೋಣೆಯ ಕೆಲಸ ಹೋಗುತ್ತದೆ. ಎತ್ತ ತಿರುಗಿದರೂ ಗೋಡೆ. ನನಗೆ ಭಯವಾಗಿದೆ.

ಆದ್ದರಿಂದ ಪರೀಕ್ಷೆಗೆ ಮೊದಲು ಹೊಸ ರಟ್ಟು ಕೊರೆಸಿ. ಕತ್ತರಿ ಇಲ್ಲದಿದ್ದರೆ ತಿಳಿಸಿ, ನಮ್ಮಲ್ಲಿ ಬೇಕಾದಷ್ಟಿವೆ, ಹರಿತವಾಗಿವೆ. ಅದೂ ಆಗದಿದ್ದರೆ ‘ಈಕೆಯ ಉತ್ತರಗಳು ಸರಿಯಾಗಿದ್ದವು’ ಎಂದು ಒಂದೇ ಸಾಲು ಬರೆದು, ಸಹಿ ಮಾಡಿ, ಮೊಹರು ಹಾಕಿ ಕಳಿಸಿ. ಆಮೇಲೆ ಬೇಕಾದರೆ ನನ್ನನ್ನು ಮತ್ತೆ ಫೇಲು ಮಾಡಿ, ವರಾಂಡ ಗುಡಿಸುತ್ತೇನೆ. ಆದರೆ ಲಕೋಟೆಯ ಮೇಲೆ ನನ್ನ ಹೆಸರು ಬೇಡ, ನನ್ನ ಮಗಳ ಹೆಸರು ಬರೆಯಿರಿ.

ಇಂತಿ,
ಮುಂದಿನ ತಿಂಗಳವರೆಗೆ ಉಪಕರಣ ಕೋಣೆಯವಳು