ಕೆಡವದೆ ಬಿಟ್ಟ ಗುಪ್ಪೆ

ಪ್ರೀತಿಯ ಮೇಷ್ಟ್ರೇ,

ನೀವು ಹೋಗಿ ಮೂರು ವರ್ಷವಾಯಿತು. ಸತ್ತವರಿಗೆ ಕಾಗದ ಬರೆಯುವವನನ್ನು ಕಂಡರೆ ನೀವೇ ಮೊದಲು ನಗುತ್ತಿದ್ದಿರಿ. ನಗಿ, ಪರವಾಗಿಲ್ಲ. ಇವತ್ತಿನ ಟಪಾಲಿನಲ್ಲಿ ನನಗೊಂದು ಕಾಗದ ಬಂದಿದೆ. ಅದಕ್ಕೆ ಬರೆದ ಉತ್ತರವನ್ನು ಟಪಾಲಿಗೆ ಹಾಕುವ ಮೊದಲು ನಿಮ್ಮೆದುರು ಒಂದು ಮಾತು ಒಪ್ಪಿಕೊಳ್ಳಬೇಕು. ಆ ದಿನ ನೀವಾಗಿ ದಾರಿ ತಪ್ಪಲಿಲ್ಲ. ತಪ್ಪಿಸಿದವನು ನಾನು.

ನಮ್ಮ ರಾಷ್ಟ್ರೀಯ ಉದ್ಯಾನದ ಬೆಟ್ಟದ ನೆತ್ತಿ ನಿಮಗೆ ಗೊತ್ತಿದ್ದಷ್ಟು ನನ್ನ ಮೇಲಧಿಕಾರಿಗಳಿಗೂ ಗೊತ್ತಿಲ್ಲ. ಮರಗಳು ಮುಗಿದ ಮೇಲೆ ಬರೀ ಕಲ್ಲುಬಯಲು, ಮೂರು ಕಡೆ ಪ್ರಪಾತ. ಅಲ್ಲಿ ಕಾಲುದಾರಿ ಮೂಡುವುದೇ ಇಲ್ಲ. ನಲವತ್ತು ಹೆಜ್ಜೆಗೊಂದರಂತೆ ನಾವು ಗಾರ್ಡುಗಳು ಕಟ್ಟಿಟ್ಟ ಮೊಣಕಾಲೆತ್ತರದ ಕಲ್ಲುಗುಪ್ಪೆಗಳೇ ದಾರಿ. ಚೌಕಿಯಲ್ಲಿ ಹೆಸರು ಬರೆಸುವ ಪ್ರತಿಯೊಬ್ಬರಿಗೂ ನಾನು ಒಂದೇ ಪಾಠ ಒಪ್ಪಿಸುತ್ತೇನೆ: ಮಂಜು ಇಳಿದರೆ ಗುಪ್ಪೆಯ ಪಕ್ಕದಲ್ಲೇ ನಿಲ್ಲಿ, ಮುಂದಿನದು ಕಣ್ಣಿಗೆ ಬಿದ್ದ ಮೇಲಷ್ಟೇ ಹೆಜ್ಜೆ ಇಡಿ. ಅರ್ಧ ಜನ ಕೇಳಿಸಿಕೊಳ್ಳುವುದಿಲ್ಲ. ಉಳಿದರ್ಧ ಜನ ತಲೆಯಾಡಿಸುತ್ತಾ ಫೋನು ನೋಡುತ್ತಾರೆ. ಪ್ರತಿ ಸಲವೂ ಕೈಕಟ್ಟಿ ನಿಂತು ಪೂರ್ತಿ ಕೇಳುತ್ತಿದ್ದವರು ನೀವೊಬ್ಬರೇ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನನ್ನ ಮುಂದೆ ವಿದ್ಯಾರ್ಥಿಯ ಹಾಗೆ ನಿಂತರೆ ನನಗೇ ನಾಚಿಕೆಯಾಗುತ್ತಿತ್ತು.

ಫೋಟೋ ಹುಚ್ಚಿಗೆ ಪ್ರವಾಸಿಗರು ಕಂಡಕಂಡಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಹೋಗುತ್ತಾರಲ್ಲ, ಬೆಳಗಿನ ಹೊತ್ತು ಅವನ್ನೆಲ್ಲ ಕೆಡವುವುದು ನನ್ನ ಕೆಲಸ. ಹಾಗೆ ಬಿಟ್ಟರೆ ಮಂಜಿನಲ್ಲಿ ಯಾವುದು ನಮ್ಮದು, ಯಾವುದು ಅವರದು ಎಂದು ತಿಳಿಯುವುದಿಲ್ಲ. ಬಂದಾಗಲೆಲ್ಲ ನೀವೂ ನನ್ನ ಜೊತೆ ಹೊರಡುತ್ತಿದ್ದಿರಿ. ನಾನು ಸುಮ್ಮನೆ ಕಾಲಲ್ಲಿ ಒದ್ದು ಕೆಡವುತ್ತಿದ್ದೆ. ನೀವು ಆ ವಯಸ್ಸಿನಲ್ಲೂ ಕೂತು, ಒಂದೊಂದು ಕಲ್ಲಿನ ತೇವದ ಮಗ್ಗುಲನ್ನು ಹುಡುಕಿ, ಅದು ಕೆಳಗೆ ಬರುವ ಹಾಗೆ, ಕಲ್ಲನ್ನು ಕಿತ್ತ ಗುಳಿಗೇ ಮರಳಿ ಇಡುತ್ತಿದ್ದಿರಿ. ಆ ಗುಳಿಯಲ್ಲಿ ಉಗುರಿನಷ್ಟು ಕಪ್ಪೆಗಳು ಮೊಟ್ಟೆ ಇಟ್ಟಿರುತ್ತವೆ ಎಂದು ತೋರಿಸಿಕೊಟ್ಟವರು ನೀವೇ. "ಇದು ಯಾರದೋ ಮನೆ ಚಾವಣಿ ಕಣಯ್ಯ, ಕಿತ್ತು ಎಸೆದ್ರೆ ಅವು ಎಲ್ಲಿ ಹೋಗ್ಬೇಕು?" ಎಂದಿದ್ದಿರಿ. ಅಂದಿನಿಂದ ನಾನು ಒದೆಯುವುದನ್ನು ಬಿಟ್ಟೆ.

ಇಷ್ಟೆಲ್ಲ ಗೊತ್ತಿದ್ದೂ ಒಂದನ್ನು ಕೆಡವದೆ ಬಿಟ್ಟೆ.

ಒಬ್ಬ ಅಪ್ಪ, ಒಬ್ಬಳು ಮಗಳು ಬಂದಿದ್ದರು. ಹುಡುಗಿಗೆ ಏಳು ವರ್ಷವಿರಬಹುದು, ಮುಂದಿನ ಎರಡು ಹಲ್ಲು ಇರಲಿಲ್ಲ. ಅಂಚಿನ ಹತ್ತಿರ ಕೂತು ಕಲ್ಲು ಪೇರಿಸುತ್ತಿದ್ದಳು, ಅದು ಬೀಳುತ್ತಿತ್ತು, ಮತ್ತೆ ಪೇರಿಸುತ್ತಿದ್ದಳು. ಗದರಿಸಲೆಂದೇ ಹತ್ತಿರ ಹೋದೆ. ಕೇಳಿದರೆ, ಅವಳ ಅಜ್ಜಿ ಹೋದ ತಿಂಗಳು ತೀರಿಕೊಂಡರಂತೆ, ಇದು ಅಜ್ಜಿಗಂತೆ. ಅಪ್ಪ ಆಚೆ ಮುಖ ಮಾಡಿಕೊಂಡು ನಿಂತಿದ್ದ. ಗದರಿಸುವುದು ಹಾಗಿರಲಿ, ನಾನೂ ಪಕ್ಕದಲ್ಲಿ ಕೂತೆ. "ಅಡಿ ಅಗಲ ಇರ್ಬೇಕು ಪುಟ್ಟಿ, ಆಗ ಎಂಥ ಗಾಳಿ ಬಂದ್ರೂ ಬೀಳಲ್ಲ" ಎಂದು ಹೇಳಿಕೊಟ್ಟೆ. ದೊಡ್ಡ ಕಲ್ಲುಗಳನ್ನು ನಾನೇ ಹೊತ್ತು ತಂದೆ. ಮೊಣಕಾಲೆತ್ತರಕ್ಕೆ ಎದ್ದು ನಿಂತಾಗ ಅವಳು ಚಪ್ಪಾಳೆ ತಟ್ಟಿದಳು.

ಬೇರೆಯವರ ಗುಪ್ಪೆಗಳು ಕಡ್ಡಿಯ ಹಾಗೆ ಸಣ್ಣಗೆ, ಓರೆಯಾಗಿ ನಿಂತಿರುತ್ತವೆ. ನೋಡಿದ ಕೂಡಲೇ ಆಟಕ್ಕೆ ಮಾಡಿದ್ದೆಂದು ಗೊತ್ತಾಗುತ್ತದೆ. ಇದು ಹಾಗಿರಲಿಲ್ಲ ಮೇಷ್ಟ್ರೇ. ಇದು ನನ್ನ ಕೈಯ ಕೆಲಸ. ಅಪ್ಪಟ ನಮ್ಮ ಗುಪ್ಪೆಯೇ.

ಅವರು ಹೋದ ಮೇಲೆ ಕೆಡವೋಣ ಎಂದುಕೊಂಡೆ. ಅವತ್ತು ಮನಸ್ಸು ಬರಲಿಲ್ಲ. ಮಾರನೆಯ ದಿನ ನೋಡಿದರೆ ಅವಳು ಮೇಲೊಂದು ಹಕ್ಕಿಪುಕ್ಕ ಸಿಕ್ಕಿಸಿ ಹೋಗಿದ್ದಳು. ನಾಳೆ ಎಂದೆ. ಹೀಗೆ ನಾಳೆ ನಾಳೆ ಎನ್ನುತ್ತಾ ಹನ್ನೊಂದು ದಿನ ಕಳೆದೆ. ಹನ್ನೆರಡನೆಯ ದಿನ ನೀವು ಬಂದಿರಿ. ನನಗೆ ಕೆಳಗಿನ ಆಫೀಸಿನಲ್ಲಿ ಮೀಟಿಂಗ್ ಇತ್ತು, ನೀವೊಬ್ಬರೇ ಹತ್ತಿದಿರಿ. ಮಧ್ಯಾಹ್ನಕ್ಕೆ ಮಂಜು ಇಳಿಯಿತು.

ನೀವು ನನ್ನ ಪಾಠವನ್ನು ಅಕ್ಷರಶಃ ಪಾಲಿಸಿದ್ದೀರಿ. ಅದು ನನಗೆ ಗೊತ್ತು, ಯಾಕೆಂದರೆ ನಿಮ್ಮ ನೀರಿನ ಬಾಟಲಿ ಆ ಗುಪ್ಪೆಯ ಬುಡದಲ್ಲಿತ್ತು. ಬಿದ್ದಿರಲಿಲ್ಲ, ನೆಟ್ಟಗೆ ಇಟ್ಟಿದ್ದಿರಿ. ಗುಪ್ಪೆ ಕಂಡ ಮೇಲೆಯೇ ಹೆಜ್ಜೆ ಇಟ್ಟು ಅಲ್ಲಿಗೆ ಬಂದಿದ್ದೀರಿ, ಬಹಳ ಹೊತ್ತು ಕಾದಿದ್ದೀರಿ. ನೀರೆಲ್ಲ ಖಾಲಿಯಾಗಿತ್ತು. ಮುಂದಿನ ಗುಪ್ಪೆ ಕಾಣಿಸಲೇ ಇಲ್ಲ, ಇದ್ದರೆ ತಾನೇ ಕಾಣಿಸುವುದು? ಚಳಿ ತಡೆಯಲಾರದೆ, ಇಲ್ಲೇ ಎಲ್ಲೋ ಇರಬೇಕೆಂದು ಹುಡುಕಲು ಎದ್ದಿದ್ದೀರಿ. ಅಲ್ಲಿಂದ ಪ್ರಪಾತಕ್ಕೆ ಹನ್ನೆರಡು ಹೆಜ್ಜೆ. ನಾನು ಎಣಿಸಿದ್ದೇನೆ.

ನಿಮ್ಮನ್ನು ಹೊತ್ತು ತಂದ ಸಂಜೆಯೇ ಒಬ್ಬನೇ ಮೇಲೆ ಹೋಗಿ ಆ ಗುಪ್ಪೆಯನ್ನು ಬಿಚ್ಚಿದೆ. ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡೆ. ತನಿಖೆಗೆ ಬಂದವರು ಕೇಳಿದ್ದಕ್ಕೆಲ್ಲ ಉತ್ತರಿಸಿದೆ, ಇದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ವಯಸ್ಸಾದವರು, ಒಬ್ಬರೇ, ಸೂಚನೆ ಮೀರಿ ದಾರಿ ಬಿಟ್ಟು ಹೋಗಿದ್ದಾರೆ ಎಂದು ವರದಿ ಬರೆದರು. ನಿಮ್ಮ ಮಗಳು ಚೌಕಿಯ ಬೆಂಚಿನ ಮೇಲೆ ಕೂತು ಅದನ್ನು ಓದಿದರು. "ಅಪ್ಪ ಯಾರ ಮಾತೂ ಕೇಳ್ತಿರಲಿಲ್ಲ, ಹಟಮಾರಿ" ಎಂದು ನನ್ನೆದುರೇ ಅತ್ತರು. ಸಿಟ್ಟಿನಲ್ಲೇ ಅತ್ತರು. ಒಂದು ಮಾತು ಆಡಿದ್ದರೆ ಆ ಸಿಟ್ಟು ಇಳಿಯುತ್ತಿತ್ತು. ನಾನು ಅವರಿಗೆ ಒಂದು ಲೋಟ ನೀರು ಕೊಟ್ಟೆ, ಅಷ್ಟೇ. ಹೇಡಿ ಎಂದರೆ ಹೇಗಿರುತ್ತಾನೆಂದು ಅವತ್ತು ಕನ್ನಡಿ ನೋಡದೆಯೇ ತಿಳಿಯಿತು.

ಇವತ್ತು ಬಂದ ಕಾಗದ ಆ ಹುಡುಗಿಯದು. ಈಗ ಅವಳಿಗೆ ಹತ್ತು ವರ್ಷ, ಅಕ್ಷರ ದುಂಡಗಿದೆ. ಅಜ್ಜಿಯ ಕಲ್ಲುಗಳು ಇನ್ನೂ ನಿಂತಿವೆಯಾ ಎಂದು ಕೇಳಿದ್ದಾಳೆ. ಈ ರಜೆಯಲ್ಲಿ ಅಪ್ಪ ಕರೆದುಕೊಂಡು ಬರುತ್ತಾರಂತೆ.

ಬೆಳಗಿನಿಂದ ಕೂತು ಮೂರು ಕಾಗದ ಬರೆದೆ. ಒಂದು ನಿಮ್ಮ ಮಗಳಿಗೆ, ನಡೆದದ್ದು ನಡೆದ ಹಾಗೆ, ನಿಮ್ಮ ಬಾಟಲಿಯ ಸಮೇತ. ಇನ್ನೊಂದು ಸಾಹೇಬರಿಗೆ. ಅದರಲ್ಲಿ ಆ ಗುಪ್ಪೆ ನಾನು ಕಟ್ಟಿದ್ದು ಎಂದಷ್ಟೇ ಇದೆ, ಮಗುವಿನ ಸುದ್ದಿಯಿಲ್ಲ. ಕೆಲಸ ಹೋಗುತ್ತದೆ. ಹೋಗಲಿ.

ಮೂರನೆಯದು ಆ ಮಗುವಿಗೆ. ಅದರಲ್ಲಿ ಮಾತ್ರ ಸುಳ್ಳು ಬರೆದೆ. "ನೀನು ಹೋದ ಸಂಜೆಯೇ ಅದನ್ನು ಕೆಡವಿದೆ ಪುಟ್ಟಿ, ಅದು ನನ್ನ ಕೆಲಸ, ಬೇಜಾರಾಗಬೇಡ" ಎಂದು. ಅವಳು ಅಳುತ್ತಾಳೆ, ನನ್ನನ್ನು ಕೆಟ್ಟವನೆಂದುಕೊಳ್ಳುತ್ತಾಳೆ. ಅಂದುಕೊಳ್ಳಲಿ, ಸತ್ಯದ ಭಾರ ಆ ಹೆಗಲಿಗೆ ಬೇಡ. ಲಕೋಟೆ ಅಂಟಿಸುವ ಮೊದಲು ಆ ಸುಳ್ಳನ್ನು ಎರಡು ಸಲ ಓದಿದೆ ಮೇಷ್ಟ್ರೇ. ಅದರಲ್ಲಿ ನೀವು ಬದುಕಿದ್ದೀರಿ.

ನೀವಿರುವಲ್ಲಿ ಬೆಳಕು ಚೆನ್ನಾಗಿರಲಿ, ಕಾಲಡಿ ನೆಲ ಗಟ್ಟಿಯಾಗಿರಲಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಹೋಗಿಬನ್ನಿ.

ಇಂತಿ,
ಮೇಲಿನ ಚೌಕಿಯ ಗಾರ್ಡು