ಏರಿಸುವ ತಂಗಿ, ಇಳಿಸುವ ಅಕ್ಕ

ಕೊಪ್ಪಳ
ಕ್ರಿ.ಶ. 2618, ಫಾಲ್ಗುಣ ಮೂವತ್ತೆಂಟು

ನಮಗಿಂತ ಆರು ನೂರು ವರ್ಷ ಹಿಂದೆ ಕೂತು, ಪೆನ್ಸಿಲಿನ ತುದಿ ಕಚ್ಚುತ್ತ ಕ್ವಾಂಟಮ್ ಲೆಕ್ಕ ಬಿಡಿಸುತ್ತಿರುವ ವಿದ್ಯಾರ್ಥಿಗೆ ಹುಲಿಗೆವ್ವನ ನಮಸ್ಕಾರಗಳು.

ತಿಂಗಳಿಗೆ ನಲವತ್ತು ದಿನವೆಂದು ನಮ್ಮವರು ತೀರ್ಮಾನಿಸಿ ನೂರು ವರ್ಷವಾಯಿತು. ತಾರೀಕು ಕಂಡು ಗಾಬರಿಯಾಗಬೇಡಿ. ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಜ ಹೇಳಬೇಕೆಂದರೆ ನಿಮ್ಮನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಕಣದ ಶಕ್ತಿಯನ್ನು ಒಂದು ಮೆಟ್ಟಿಲು ಏರಿಸುವ ಚಿಹ್ನೆ, ಒಂದು ಮೆಟ್ಟಿಲು ಇಳಿಸುವ ಚಿಹ್ನೆ ಎರಡನ್ನೂ ನೀವು ಒಂದೇ ಕೈಯಲ್ಲಿ ಬರೆಯುತ್ತೀರಿ. ಅದಕ್ಕೆ ಬೇಸರ ಬೇರೆ ಪಡುತ್ತೀರಿ!

ನಮ್ಮಲ್ಲಿ ಹಾಗಿಲ್ಲ. ಎರಡೂ ಒಬ್ಬರ ಕೈಗೆ ಸಿಕ್ಕರೆ ತಪ್ಪನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತಾರೆಂದು ಹಿರಿಯರಿಗೆ ಅನುಮಾನ. ಹಾಗಾಗಿ ಏಳನೆಯ ವರ್ಷಕ್ಕೆ ‘ಕೈನೇಮ’ ಮಾಡುತ್ತಾರೆ, ಅಂದರೆ ಮಗುವಿಗೆ ಜೀವನಪೂರ್ತಿ ಒಂದೇ ಚಿಹ್ನೆ ಕೊಡುತ್ತಾರೆ. ನನಗೆ ಬಂದದ್ದು ಇಳಿಸುವುದು, ತಂಗಿ ಹೊನ್ನೂರಿಗೆ ಏರಿಸುವುದು. ತೂಗಾಡುವ ಕಣವನ್ನು ಅವಳು ಒಂದೊಂದೇ ಮೆಟ್ಟಿಲು ಮೇಲಕ್ಕೆ ಕಳಿಸಿದಾಗ ಓಣಿಯವರೆಲ್ಲ ಹೊಗಳುತ್ತಿದ್ದರು. ನಾನು ಇಳಿಸಲು ಶುರುಮಾಡಿದರೆ ಚಪ್ಪಲಿ ಹುಡುಕಲು ಏಳುತ್ತಿದ್ದರು.

ಪರೀಕ್ಷೆಗೆ ಅಕ್ಕತಂಗಿ ಜೋಡಿಯಾಗಿ ಹೋದೆವು. ಗೆದ್ದರೆ ಇಬ್ಬರಿಗೂ ಕಣಶಾಲೆಯಲ್ಲಿ ಕೆಲಸ. ಹೊನ್ನೂರಿ ಅದಕ್ಕಾಗಿ ಆರು ವರ್ಷ ಹಲಗೆಯ ಮುಂದೆ ಕೂತಿದ್ದಳು. ಹಲಗೆಯ ಮೇಲೆ ಕೊಟ್ಟದ್ದು ಕಣದ ಅತಿ ಕೆಳಗಿನ ಮೆಟ್ಟಿಲಿನ ಸ್ಥಿತಿ; ಇಬ್ಬರೂ ಒಂದೊಂದು ಸಲ ಬರೆದು ಕಣವನ್ನು ಮತ್ತೆ ಅಲ್ಲಿಗೇ ತರಬೇಕು. ಸ್ಥಿತಿಯ ಪಕ್ಕ ನಿಂತವರು ಮೊದಲು ಬರೆಯಬೇಕು. ಪಕ್ಕದಲ್ಲಿ ಹೊನ್ನೂರಿ, ಅವಳ ಎಡಕ್ಕೆ ನಾನು. ಅವಳು ಏರಿಸಿ ನಾನು ಇಳಿಸಿದ್ದರೆ ಕಣ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಿತ್ತು, ನಾವು ಗೆಲ್ಲುತ್ತಿದ್ದೆವು. ಆದರೆ ಮೊದಲ ಚಪ್ಪಾಳೆ ಈ ಸಲವೂ ಅವಳಿಗೇ ಎನಿಸಿತು. ತಡೆಯಲಾಗಲಿಲ್ಲ, ಅವಳನ್ನು ಸರಿಸಿ ನಾನೇ ಮೊದಲು ಬರೆದೆ.

ಕೊನೆಯ ಮೆಟ್ಟಿಲಿನ ಕೆಳಗೆ ಮತ್ತೊಂದು ಮೆಟ್ಟಿಲಿಲ್ಲ. ಅಲ್ಲಿ ಇಳಿಸಿದರೆ ಸ್ಥಿತಿಯೇ ಅಳಿದು ಬರೀ ಸೊನ್ನೆ ಉಳಿಯುತ್ತದೆ. ಆ ಸೊನ್ನೆಯನ್ನು ಯಾರೂ ಏರಿಸಲಾರರು. ಹೊನ್ನೂರಿ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. “ಯಕ್ಕಾ, ನನಗ ಏನೂ ಉಳಸ್ಲಿಲ್ಲಲ್ಲ ನೀ,” ಅಂದಳು. ಹಿರಿಯರು ನನ್ನ ಚಿಹ್ನೆಯನ್ನು ಕಿತ್ತುಕೊಂಡು, ಅವಳಿಗೆ ಮಾತ್ರ ಇನ್ನೊಂದು ಅವಕಾಶ ಕೊಟ್ಟರು.

ನಿಮ್ಮಲ್ಲಿ ಒಂದೇ ಬೇಡಿಕೆ. ಚಿಹ್ನೆಗಳನ್ನು ಒಬ್ಬೊಬ್ಬರಿಗೆ ಹಂಚುವ ಮಾತನ್ನು ಯಾರಾದರೂ ತೆಗೆದರೆ ದಯವಿಟ್ಟು ಒಪ್ಪಬೇಡಿ. ಹೊನ್ನೂರಿ ಮರುವರ್ಷ ಬೇರೊಬ್ಬಳ ಜೊತೆ ಹೋಗಿ ಗೆದ್ದಳು. ನಾನೂ ಜನರ ನಡುವೆ ಕೂತು ಚಪ್ಪಾಳೆ ತಟ್ಟಿದೆ. ತಂಗಿಯ ಮೇಲೆ ಈಗ ನನಗೆ ಹೊಟ್ಟೆಕಿಚ್ಚಿಲ್ಲ. ಅವಳ ಎಡಕ್ಕೆ ನಿಂತಿದ್ದ ಆ ಹುಡುಗಿಯನ್ನು ಕಂಡರೆ ಮಾತ್ರ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.