ಅಜ್ಜಿಯ ಚಾವಣಿ ನಕ್ಷೆಯಲ್ಲಿ ಪಾರ್ಕ್ ಆದದ್ದು

ಮನೆಯಿಂದ
ಮಾರ್ಚ್ 9, ಭಾನುವಾರ

ಪ್ರೀತಿಯ ಅಜ್ಜಿ,

ಮಂಡಿ ಹೇಗಿದೆ? ಆಪರೇಷನ್ ಆದ ಕಾಲು, ಅತ್ತೆ ಮನೆಯ ಮೆಟ್ಟಿಲಿನ ಜತೆ ಜಿದ್ದಿಗೆ ಬೀಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕುಂಬಳಬಳ್ಳಿ ನಮಗಿಂತ ಚೆನ್ನಾಗಿದೆ, ಚಾವಣಿ ತುಂಬಿ ಈಗ ನೀರಿನ ಟ್ಯಾಂಕಿಗೂ ಹತ್ತಿದೆ.

ನನ್ನ ಹೊಸ ಕೆಲಸ ಏನೆಂದು ಕೇಳಿದ್ದೆಯಲ್ಲ. ಉಪಗ್ರಹ ಆಕಾಶದಿಂದ ತೆಗೆದ ಊರಿನ ಫೋಟೋ ನೋಡಿ, ಜನ ಹೋಗಿ ಕೂರಬಹುದಾದ ಹಸಿರು ಜಾಗ ಎಲ್ಲೆಲ್ಲಿದೆ ಎಂದು ಆಫೀಸಿನವರು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಅದು ನಿಜವೋ ಅಲ್ಲವೋ ಎಂದು ಸೈಕಲ್ ತುಳಿದು ನೋಡಿ ಬರುವವನು ನಾನು. ಹತ್ತನೇ ಕ್ಲಾಸಿನ ತನಕ ಬೆಂಚಿನ ಮೇಲೆ ಕೂರಲಾರದೆ ಒದ್ದಾಡಿದವನಿಗೆ ಹೇಳಿ ಮಾಡಿಸಿದ ಕೆಲಸ. ಮೈದಾನ ಎಂದು ಹೋದರೆ ಒಂದು ಕಡೆ ಪಾಚಿ ಕಟ್ಟಿದ ಹೊಂಡ, ಇನ್ನೊಂದು ಕಡೆ ಬೀಗ ಹಾಕಿದ ಬಂಗಲೆಯ ತೋಟ.

ಹೋದ ತಿಂಗಳು ಒಂದು ಚಿಕ್ಕ ಪಾರ್ಕ್ ಹುಡುಕುತ್ತ ಹೊರಟರೆ, ನಕ್ಷೆ ನನ್ನನ್ನು ನಮ್ಮ ಮನೆ ಬಾಗಿಲಿಗೇ ತಂದು ನಿಲ್ಲಿಸಿತು. ನಿನ್ನ ಬಳ್ಳಿಯನ್ನೇ ಪಾರ್ಕ್ ಮಾಡಿಬಿಟ್ಟಿದ್ದರು. ಅಮ್ಮ ನಕ್ಕು ನಕ್ಕು, "ಟಿಕೆಟ್ ಇಟ್ಬಿಡೋಣ ಕಣೋ" ಎಂದಳು. ನನ್ನ ನಗು ಮಾತ್ರ ಅರ್ಧಕ್ಕೆ ನಿಂತಿತು. ಆ ಗುರುತು ಇದ್ದರೆ ನಮ್ಮ ಬಡಾವಣೆಗೆ ಆಗಲೇ ಪಾರ್ಕ್ ಇದೆ ಎಂದು ಲೆಕ್ಕ. ಅಳಿಸಿದರೆ ನಗರಸಭೆ ಹೊಸದೊಂದು ಮಾಡಲೇಬೇಕು, ಅವರಿಗಿರುವುದು ಬೀದಿ ಮೂಲೆಯ ಖಾಲಿ ಜಾಗ ಒಂದೇ. ಅಪ್ಪ ಲಾರಿ ನಿಲ್ಲಿಸುವ ಜಾಗ.

ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಬೀದಿಯ ಮಕ್ಕಳು ಚೆಂಡು ಹುಡುಕಿಕೊಂಡು ಲಾರಿಯ ಚಕ್ರದ ನಡುವೆ ನುಸುಳುವುದನ್ನು ದಿನಾ ನೋಡುತ್ತೇನೆ. ಆಫೀಸಿನಲ್ಲಿ ನಕ್ಷೆ ನೋಡಿಕೊಳ್ಳುವ ಮೇಡಂ ಹತ್ತಿರ ಹೋಗಿ, "ಇದು ಪಾರ್ಕಲ್ಲ ಮೇಡಂ, ನಮ್ಮಜ್ಜಿ ಹಾಕಿರೋ ಕುಂಬಳಬಳ್ಳಿ" ಎಂದೆ. ಅವರು ಒಂದು ಸಲ ನನ್ನ ಮುಖ ನೋಡಿ ಅಳಿಸಿದರು. ಮಾಡಿದ್ದು ಸರಿ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಅತ್ತೆ ಮಾವನಿಗೆ ನಮಸ್ಕಾರ, ಅವರ ಪುಟ್ಟಿಗೆ ಒಂದು ಮುತ್ತು.

ನಿನ್ನ ಕಾಲು ನಿಲ್ಲದ ಮೊಮ್ಮಗ

ಬರೆಯಲು ಕೂತದ್ದೇ ಇದಕ್ಕೆ: ನಿನ್ನೆ ಮೂಲೆಯಲ್ಲಿ ಪಾರ್ಕಿನ ಬೋರ್ಡ್ ನೆಟ್ಟು ಹೋದರು. ಲೋಡ್ ತುಂಬಿಕೊಂಡು ಹೋಗಿರುವ ಅಪ್ಪ ಬುಧವಾರ ಬರುತ್ತಾನೆ, ಅವನಿಗೆ ಏನೂ ಗೊತ್ತಿಲ್ಲ. ಮಾರುಕಟ್ಟೆಯ ಹಿಂದೆ ಲಾರಿಗೆ ಬೇರೆ ಜಾಗ ನೋಡಿಟ್ಟಿದ್ದೇನೆ. ಗುರುತು ಅಳಿಸಲು ಹೇಳಿದ್ದು ನಾನೇ ಎಂದು ನಾನೇ ಹೇಳುತ್ತೇನೆ, ಬೈದರೆ ಬೈಯಲಿ. ಅದಕ್ಕೆ ಮೊದಲು ನೀನು ಅಪ್ಪನಿಗೆ ಫೋನ್ ಮಾಡಿ, "ವಾಪಸ್ ಬಂದ್ಮೇಲೆ ನಂಗೆ ಹತ್ರದಲ್ಲೇ ನಡೆಯೋಕೊಂದು ಜಾಗ ಬೇಕಪ್ಪ" ಅಂದುಬಿಡು. ನಿನ್ನ ಬಾಯಿಂದ ಬಂದರೆ ಲಾರಿ ತಾನಾಗಿ ಜರುಗುತ್ತದೆ.